ಹುಳದ ಮನೆಯ ಸೋಮಮ್ಮನ ಬಲಗಣ್ಣು

ಉಮ್ಮತ್ತೂರಿನಲ್ಲಿ ಯಾರ ಮನೆಯ ರೇಷ್ಮೆಹುಳ ಹಣ್ಣಾಗಲಿ, ಮೊದಲು ನೆನಪಾಗುತ್ತಿದ್ದುದು ಸೋಮಮ್ಮ. ನಾಲ್ಕನೇ ಸಲ ಚರ್ಮ ಕಳಚಿ ಏಳು ದಿನ ಸೊಪ್ಪು ಮುಕ್ಕಿದ ಹುಳ ಒಂದು ಬೆಳಿಗ್ಗೆ ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕತೊಡಗುತ್ತದೆ. ಆಗ ಅದನ್ನು ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ಅರ್ಧ ದಿನ ಮುಂಚೆ ಬಿಟ್ಟರೆ ಗೂಡು ಕಟ್ಟದೆ ಅಲೆದು ಚಂದ್ರಿಕೆಯನ್ನೆಲ್ಲ ಗಲೀಜು ಮಾಡುತ್ತದೆ. ಅರ್ಧ ದಿನ ತಡವಾದರೆ ಸೊಪ್ಪಿನ ಕಡ್ಡಿಗಳ ನಡುವೆಯೇ ನೂಲು ಬಿಟ್ಟು ಕೆಡುತ್ತದೆ. ಸೋಮಮ್ಮ ಹುಳವನ್ನು ಎರಡೇ ಬೆರಳಲ್ಲಿ ಹಗುರವಾಗಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುವಳು. ಕೊರಳ ಹತ್ತಿರ ಜೇನಿನ ಬಣ್ಣ ತಿಳಿಯಾಗಿ ಕಂಡರೆ ಚಂದ್ರಿಕೆಗೆ, ಮಬ್ಬು ಹಸಿರಿದ್ದರೆ ಮತ್ತೆ ಸೊಪ್ಪಿಗೆ. ಕಣ್ಣು ರೆಪ್ಪೆ ಬಡಿಯುವುದರೊಳಗೆ ತೀರ್ಮಾನವಾಗಿರುತ್ತಿತ್ತು.

"ಬ್ಯಾರೆ ಕಡೆ ಬೆಳೆಗ್ ಕಣ್ ಬೀಳ್ಬಾರ್ದು ಅಂತಾರೆ. ನಾವು ಸೋಮಕ್ಕನ ಕಣ್ ಬೀಳ್ಲಿ ಅಂತ ಕೈಯಿಡ್ದು ಕರ್ಕಬತ್ತೀವಿ" ಎಂದು ಪಕ್ಕದ ಬೀದಿಯ ಮಂಗಮ್ಮ ನಗುತ್ತಿದ್ದಳು.

ಸೋಮಮ್ಮನ ಅತ್ತೆ ಮಾದಮ್ಮ ಮಾತ್ರ ಹುಳದ ಮನೆಯ ಹೊಸ್ತಿಲಾಚೆಗೆ ನಿಂತೇ ಬಾಳಿದವಳು. ಅವಳು ಸೂಲಗಿತ್ತಿ. ಹುಳಕ್ಕೆ ಮಡಿ ಹೆಚ್ಚು. ಪುರುಡಿನ, ಅಂದರೆ ಹೆರಿಗೆಯ ಸೂತಕದ, ಮನೆಯವರು ಹನ್ನೊಂದು ದಿನ ಹುಳದ ಮನೆಗೆ ಕಾಲಿಡುವಂತಿಲ್ಲ ಎಂಬುದು ಆ ಊರಿನ ಕಟ್ಟು. ಮಾದಮ್ಮನಿಗೋ ಒಂದು ಪುರುಡು ಕಳೆಯುವುದರೊಳಗೆ ಇನ್ನೊಂದು ಮನೆಯ ಕರೆ ಬಂದಿರುತ್ತಿತ್ತು. ಹೆರಿಗೆಯೆಲ್ಲ ಆಸ್ಪತ್ರೆಗೆ ಹೋಗಿ ಅವಳ ಕೈ ಬಿಡುವಾದ ಮೇಲೂ ಅಭ್ಯಾಸ ಹೋಗಲಿಲ್ಲ. ಹೊಸ್ತಿಲಲ್ಲೇ ಕೂತು, ವೀಳ್ಯದೆಲೆಗೆ ಸುಣ್ಣ ಸವರಿಕೊಳ್ಳುತ್ತ, ಒಳಗಿದ್ದ ಸೊಸೆಗೆ ಇದು ಹೀಗೆ ಮಾಡು, ಅದು ಹಾಗೆ ಮಾಡು ಎನ್ನುತ್ತಿದ್ದಳು.

ಒಂದೂವರೆ ವರ್ಷದ ಹಿಂದಿನ ಕಾರ್ತಿಕ ಮಾಸ. ಹುಳ ಮೂರನೇ ಜ್ವರಕ್ಕೆ ಕೂತಿತ್ತು. ಹಳೆಯ ಚರ್ಮ ಕಳಚಲು ಹುಳ ಅಲ್ಲಾಡದೆ ಕೂರುವುದನ್ನೇ ಜ್ವರ ಎನ್ನುವುದು. ಆಗ ಹಾಸು ಒಣಗಿರಲೆಂದು ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಸೋಮಮ್ಮ ಅಟ್ಟದ ಮೇಲಿದ್ದ ಸುಣ್ಣದ ಚೀಲಕ್ಕೆ ಕೈ ಹಾಕಿ ಎಳೆದಳು. ಇಲಿ ಕಡಿದಿದ್ದ ಚೀಲ ಹರಿದು ಪುಡಿಯೆಲ್ಲ ಮುಖಕ್ಕೇ ಸುರಿಯಿತು. ಮುಖ ತಿರುಗಿಸಿದ್ದರಿಂದ ಎಡಗಣ್ಣು ಉಳಿಯಿತು. ಬಲಗಣ್ಣಿನ ತುಂಬ ಸುಣ್ಣ.

ಅವಳ ಕೂಗಿಗೆ ಗಂಡ ಶಿವಮಲ್ಲು ಹಂಡೆಯಿಂದ ಚೊಂಬು ನೀರು ಮೊಗೆದುಕೊಂಡು ಓಡಿಬಂದ. ಹೊಸ್ತಿಲಲ್ಲಿದ್ದ ಮಾದಮ್ಮ ಅವನ ರಟ್ಟೆ ಹಿಡಿದಳು.

"ನೀರ್ ಆಕ್ಬ್ಯಾಡ್ಲಾ! ಸುಣ್ಣ ಕುದೀತದೆ ಕಣ್ಲಾ, ಕಣ್ ಬೆಂದೋಯ್ತದೆ!"

ಅವಳು ಕಂಡದ್ದನ್ನೇ ಹೇಳಿದಳು. ವರ್ಷಕ್ಕೊಮ್ಮೆ ಗೋಡೆಗೆ ಬಳಿಯಲು ಮಡಕೆಯಲ್ಲಿ ಸುಣ್ಣದ ಕಲ್ಲಿಗೆ ನೀರು ಹೊಯ್ಯುವಾಗ ಅದು ಕೊತಕೊತ ಕುದ್ದು ಮಡಕೆಯ ಮೈಯೇ ಮುಟ್ಟಲಾಗದಷ್ಟು ಕಾಯುವುದನ್ನು ಆ ಮನೆಯಲ್ಲಿ ನೋಡದವರಿಲ್ಲ. ಶಿವಮಲ್ಲು ಚೊಂಬು ಕೆಳಗಿಟ್ಟ. ಮಾದಮ್ಮ ಹರಳೆಣ್ಣೆ ತಂದು ಸೊಸೆಯ ಕಣ್ಣಿಗೆ ಬಿಟ್ಟಳು, ಸೆರಗಿನಿಂದ ಒರೆಸಿದಳು, ಮಾದಪ್ಪನಿಗೆ ಮುಡಿಪು ಕಟ್ಟಿದಳು. ಬಸ್ಸು ಹಿಡಿದು ಚಾಮರಾಜನಗರದ ಆಸ್ಪತ್ರೆ ಸೇರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು.

ಅಲ್ಲಿನ ವೈದ್ಯರು ಒಂದು ಗಂಟೆ ಹೊತ್ತು ಬಾಟಲಿ ಮೇಲೆ ಬಾಟಲಿ ನೀರು ಬಿಟ್ಟು ಕಣ್ಣು ತೊಳೆದರು. ಆಮೇಲೆ ಕೈ ಒರೆಸಿಕೊಳ್ಳುತ್ತ ಅಂದರು: "ಇದು ಆಗಲೇ ನೀರು ಕುಡಿದು ಅರಳಿದ ಸುಣ್ಣ, ಇನ್ನು ಕುದಿಯೋದಿಲ್ಲ. ಯಾವ ಸುಣ್ಣವೇ ಬೀಳಲಿ, ಕಣ್ಣಿಗೆ ಮೊದಲ ಮದ್ದು ನೀರು. ಬಿದ್ದ ತಕ್ಷಣ ಹಾಕಿದ್ದಿದ್ದರೆ..." ಬಾಗಿಲ ಬಳಿ ನಿಂತಿದ್ದ ಮುದುಕಿಯ ಮುಖ ನೋಡಿ ಮಾತು ಅಲ್ಲಿಗೇ ನಿಲ್ಲಿಸಿದರು.

ಮಾದಮ್ಮ ಅವತ್ತು ಮನೆಗೆ ಬಂದವಳೇ ತನ್ನ ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ಗೋಡೆಯ ಗೂಡಿನೊಳಕ್ಕೆ ತಳ್ಳಿದಳು. ಹದಿಮೂರನೇ ವಯಸ್ಸಿನಿಂದ ಎಲೆಯಡಿಕೆ ಹಾಕುತ್ತಿದ್ದ ಬಾಯಿ ಅವತ್ತಿನಿಂದ ಖಾಲಿ. ಮಾತೂ ಹಾಗೇ ಇಂಗಿಹೋಯಿತು. ಹೊಸ್ತಿಲಿಗೂ ಬರಲಿಲ್ಲ.

ನೋವು ತಿಂಗಳೊಪ್ಪತ್ತಿನಲ್ಲಿ ತಗ್ಗಿತು. ಆದರೆ ಸೋಮಮ್ಮನ ಬಲಗಣ್ಣಿನ ಕರಿಗುಡ್ಡೆಯ ಮೇಲೆ ಸುತ್ತಲಿಂದಲೂ ಬಿಳಿ ಪೊರೆ ಹಬ್ಬುತ್ತ ಬಂತು. ಬೆಳಕು, ಕತ್ತಲೆ, ಮಂಜಿನ ಆಚೆ ಓಡಾಡುವ ಮನುಷ್ಯರಂಥ ನೆರಳು, ಅಷ್ಟೇ ಉಳಿಯಿತು. ಒಂದು ಕಣ್ಣಿದ್ದರೆ ಸಾಲದೆ ಎಂದುಕೊಂಡು ಹುಳ ಆಯಲು ಕೂತಳು. ಹುಳ ಇಲ್ಲಿದೆ ಎಂದು ಬೆರಳು ಹಾಕಿದರೆ ಅದು ಒಂದು ಬೆರಳಗಲ ಆಚೆಗಿರುತ್ತಿತ್ತು. ಮಂಗಮ್ಮನ ಮನೆಯಲ್ಲಿ ಒಂದು ಬೆಳಿಗ್ಗೆ ಆರೇಳು ಹುಳ ಅವಳ ಬೆರಳ ನಡುವೆ ಅಪ್ಪಚ್ಚಿಯಾದವು. ಮಂಗಮ್ಮ ಏನೂ ಅನ್ನಲಿಲ್ಲ. ಮುಂದಿನ ಬೆಳೆಗೆ ಕರೆಯಲಿಲ್ಲ, ಅಷ್ಟೇ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ಸೋಮಮ್ಮನಿಗೆ ಅನ್ನಿಸಿತು.

ಅತ್ತೆಯ ಮೌನ ಅದಕ್ಕಿಂತ ಹೆಚ್ಚು ಕೊರೆಯುತ್ತಿತ್ತು. "ಇಂಗಾಗೋಯ್ತಲ್ಲ ಅಂತ ಒಂದ್ ಮಾತಾಡ್ಲಿಲ್ಲ ನಿಮ್ಮವ್ವ" ಎಂದು ಗಂಡನ ಹತ್ತಿರ ಹೇಳಿದಳು. "ಬುಡು ಅತ್ಲಾಗೆ, ವಯಸ್ಸಾಯ್ತು" ಎಂದು ಶಿವಮಲ್ಲು ಸೊಪ್ಪಿನ ಹೊರೆ ಹೊತ್ತು ನಡೆದ.

ಎಂಟು ತಿಂಗಳಾಗಿತ್ತು. ಹಂಗಳಕ್ಕೆ ಕೊಟ್ಟಿದ್ದ ಮಗಳು ಸಿಂಧು ಬಸುರಿ. ಗುಂಡ್ಲುಪೇಟೆಗೆ ತಪಾಸಣೆಗೆ ಹೋದಾಗ ಅವಳಿಗೊಂದು ಸುದ್ದಿ ಸಿಕ್ಕಿ ಫೋನು ಮಾಡಿದಳು. "ಅವ್ವ, ಮೈಸೂರ್ನಿಂದ ಕಣ್ಣಿನ್ ಡಾಕ್ಟ್ರು ಬುಧುವಾರ ಇಲ್ಗ್ ಬತ್ತಾರಂತೆ. ಕಾವ್ಯಶ್ರೀ ಅಂತ, ಗುಂಡ್ಲುಪೇಟೆಯೋರೆಯ. ಸುಣ್ಣ ಬಿದ್ದೋರ್ನೂ ನೋಡ್ತಾರಂತೆ. ಬಾ ನೀನು."

ಬುಧವಾರ ಗಂಡಹೆಂಡಿರು ಹೊರಟು ನಿಂತಾಗ ಮಾದಮ್ಮ ಯಾರನ್ನೂ ಕೇಳದೆ ಸೀರೆ ಬದಲಿಸಿಕೊಂಡು ಬಂದು ಬಸ್‌ಸ್ಟಾಪಿನಲ್ಲಿ ನಿಂತಿದ್ದಳು.

ಕಾವ್ಯಶ್ರೀ ಡಾಕ್ಟರು ಬಹಳ ಹೊತ್ತು ಯಂತ್ರದ ಹಿಂದಿನಿಂದ ನೋಡಿದರು. ಮಾದಮ್ಮ ಒಳಗೆ ಬರದೆ ಇಲ್ಲಿಯೂ ಬಾಗಿಲ ಹೊಸ್ತಿಲ ಹತ್ತಿರವೇ ಕುಕ್ಕರುಗಾಲಲ್ಲಿ ಕೂತಳು.

"ನೋಡಿ ಸೋಮಮ್ಮ, ಕರಿಗುಡ್ಡೆ ಮೇಲೆ ಒಂದು ಪೊರೆ ಇರುತ್ತೆ. ಅದು ದಿನಾ ಸವೆಯುತ್ತೆ, ದಿನಾ ಹೊಸದು ಹುಟ್ಟುತ್ತೆ. ಹುಟ್ಟಿಸೋ ಶಕ್ತಿ ಇರೋದು ಕರಿ, ಬಿಳಿ ಎರಡೂ ಸೇರೋ ಅಂಚಿನಲ್ಲಿ, ಹೊಲದ ಸುತ್ತ ಬದು ಇದ್ದ ಹಾಗೆ. ಅಲ್ಲಿರೋ ಜೀವಕೋಶಗಳನ್ನ ಸ್ಟೆಮ್ ಸೆಲ್ ಅಂತೀವಿ, ಕಾಂಡಕೋಶ. ಸುಣ್ಣ ನಿಮ್ಮ ಬಲಗಣ್ಣಿನ ಆ ಅಂಚನ್ನೇ ಸುಟ್ಟುಬಿಟ್ಟಿದೆ. ಹೊಸ ಪೊರೆ ಹುಟ್ಟಿಸೋರಿಲ್ಲ. ಅದಕ್ಕೇ ಬಿಳಿ ಭಾಗ ಒಳಕ್ಕೆ ನುಗ್ಗಿದೆ."

"ಕೂಳೆ ಸತ್ತೋದ್ ತೋಟ್ಕೆ ಗರ್ಕೆ ನುಗ್ದಂಗೆ" ಎಂದ ಶಿವಮಲ್ಲು.

ಡಾಕ್ಟರು ಅವನ ಕಡೆ ತಿರುಗಿದರು. "ಸರಿಯಾಗಿ ಹೇಳಿದ್ರಿ. ನಿಮ್ಮದೇನು ತೋಟ?"

"ಇಪ್ನೇರ್ಳೆ ಕಣವ್ವ. ಹುಳದ್ ಸೊಪ್ಪು."

"ಹೊಸ ತೋಟ ಹೇಗೆ ಮಾಡ್ತೀರಿ?"

"ಚೆನ್ನಾಗಿರೋ ತೋಟದಲ್ಲಿ ಕಡ್ಡಿ ಕುಯ್ದು, ತುಂಡ್ ಮಾಡಿ, ಸಾಲಾಗಿ ಊರ್ತೀವಿ."

"ನಾವೂ ಅದನ್ನೇ ಮಾಡೋದು. ಮೊದಲು ಗರಿಕೆ ಕಿತ್ತು ನೆಲ ಹಸನು ಮಾಡ್ತೀವಿ. ಆಮೇಲೆ ಚೆನ್ನಾಗಿರೋ ಕಾಂಡಕೋಶದ ಒಂದು ಸಣ್ಣ ಚೂರು ತಂದು, ಎಂಟು ಹತ್ತು ತುಂಡು ಮಾಡಿ, ಕರಿಗುಡ್ಡೆ ಮೇಲೆ ಊರ್ತೀವಿ. ಎರಡು ವಾರದಲ್ಲಿ ಹರಡಿಕೊಂಡು ಒಂದಕ್ಕೊಂದು ಸೇರ್ತವೆ."

"ಸತ್ತೋಗಿರೋ ಹಳೇದ್ರ ಜೊತೆ ಬೆರ್ತು ಒಂದಾಯ್ತವಾ?" ಎಂದ ಶಿವಮಲ್ಲು.

"ಮೈಯಲ್ಲಿ ಅದೂ ಉಂಟು. ನಿಮ್ಮ ತೋಳಿನ ಮಾಂಸಖಂಡಕ್ಕೆ ಪೆಟ್ಟು ಬಿದ್ದರೆ ಪಕ್ಕದಲ್ಲೇ ನಿದ್ದೆ ಮಾಡ್ತಿರೋ ಕಾಂಡಕೋಶ ಎದ್ದು ಬಂದು, ಹರಿದ ಎಳೆಯೊಳಗೇ ಬೆರೆತು ಒಂದಾಗಿಬಿಡುತ್ತೆ. ಬೆರೆತ ಮೇಲೆ ಇದು ಹಳೇದು, ಇದು ಹೊಸದು ಅಂತ ಬೇರೆ ಮಾಡೋಕಾಗಲ್ಲ. ಕಣ್ಣಿನ ಪೊರೆಯಲ್ಲಿ ಹಾಗಲ್ಲ. ಇಲ್ಲಿ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದು ಮುಚ್ಚಿಕೊಳ್ಳೋದು."

ಈಗ ಸೋಮಮ್ಮ ಕೇಳಿದಳು: "ಕಡ್ಡಿ ಯಾವ್ ತೋಟ್ದಿಂದ ತಕ್ಕತೀರಿ ಡಾಕ್ಟ್ರವ್ವ?"

"ನಿಮ್ಮ ಎಡಗಣ್ಣಿಂದ."

ಸೋಮಮ್ಮನ ಕೈ ತಾನೇ ತಾನಾಗಿ ಎಡಗಣ್ಣಿನ ಮೇಲೆ ಹೋಯಿತು. ಡಾಕ್ಟರು ಅವಸರ ಮಾಡಲಿಲ್ಲ. ಉಳಿದದ್ದನ್ನೂ ಮುಚ್ಚಿಡದೆ ಹೇಳಿದರು. ಆ ತುಂಡುಗಳು ಬೇರೂರಲು ಕರಿಗುಡ್ಡೆಯ ಮೇಲೆ ಒಂದು ಮೆತ್ತನೆಯ ಪೊರೆ ಹಾಸಬೇಕು. ಅದು ಹೆರಿಗೆಯಾದ ತಾಯಿಯ ಮಾಸಿನದು, ಹೊಟ್ಟೆಯಲ್ಲಿ ಕೂಸನ್ನು ಸುತ್ತಿಕೊಂಡಿರುವ ಪೊರೆ. ಆಪರೇಷನ್ ಹೆರಿಗೆಯಲ್ಲಿ ತಾಯಿ ಒಪ್ಪಿ ಕೊಟ್ಟದ್ದನ್ನು ತೊಳೆದು, ಪರೀಕ್ಷೆ ಮಾಡಿ, ಹೆಪ್ಪುಗಟ್ಟುವಷ್ಟು ತಣ್ಣಗಿನ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ತಾಯಿ ಯಾರೆಂದು ಹೇಳುವುದಿಲ್ಲ.

ಸೋಮಮ್ಮ ಎದ್ದು ನಿಂತಳು. "ನಂಗ್ ಬ್ಯಾಡ ಬುಡಿ ಡಾಕ್ಟ್ರವ್ವ. ಕಣ್ಣಲ್ಲೇ ಪುರುಡ್ ಇಟ್ಕಂಡು ಹುಳದ್ ಮನೆ ಎಂಗ್ ಹೊಕ್ಕಲಿ? ಇರದೊಂದ್ ಕಣ್ಣೂ ಕುಯ್ಸ್ಕಂಡು ಅದೂ ಓದ್ರೆ, ಆಮೇಲ್ ನಾನು ಯಾರ್ ಮೊಕ ನೋಡ್ಲಿ? ನಡಿ, ಓಗನ" ಎಂದು ಗಂಡನ ತೋಳು ಹಿಡಿದಳು.

"ತಡಿ."

ಹೊಸ್ತಿಲ ಕಡೆಯಿಂದ ಬಂದ ಆ ಸ್ವರ ಸೋಮಮ್ಮನಿಗೆ ಒಂದು ಗಳಿಗೆ ಗುರುತೇ ಸಿಗಲಿಲ್ಲ. ಮಾದಮ್ಮ ಮೊಳಕಾಲಿಗೆ ಕೈಯೂರಿ ಎದ್ದು ಒಳಗೆ ಬಂದಳು.

"ಡಾಕ್ಟ್ರವ್ವ, ಆ ಪೊರೆ ಪೆಟ್ಗೆಗಾಕಿ ಎಷ್ಟ್ ದಿನ ಆಗಿರ್ತದೆ?"

"ಆರು ತಿಂಗಳಾದ್ರೂ ಆಗಿರುತ್ತೆ ಅಜ್ಜಿ. ಆ ತಾಯಿಗೆ ಮತ್ತೊಂದು ಸಲ ರಕ್ತಪರೀಕ್ಷೆ ಆದ ಮೇಲೇ ಅದನ್ನ ಕೊಡೋದು."

"ಆರ್ ತಿಂಗ್ಳು! ಕೇಳಿಸ್ಕಂಡ್ಯಾ ಸೋಮಿ? ಪುರುಡು ಇರದು ಹನ್ನೊಂದ್ ದಿನ. ಆ ಕೂಸು ಇಷ್ಟೊತ್ಗೆ ಮಗ್ಚಿ ಬಿದ್ದು ಎದ್ದು ಕೂರದ್ ಕಲ್ತಿರ್ತದೆ. ಯಾವೂರ್ ಪುರುಡಮ್ಮಿ ಇದು, ಆರ್ ತಿಂಗ್ಳಾದ್ರೂ ಕಳೀದೆ ಇರದು?"

ಮೂಲೆಯಲ್ಲಿದ್ದ ಕೇರಳದ ನರ್ಸಿಗೂ ಮಾತು ಅರ್ಧ ತಿಳಿದು ನಗು ಬಂತು. ಮಾದಮ್ಮ ನಗಲಿಲ್ಲ. ತನ್ನ ಎರಡೂ ಕೈ ಮುಂದೆ ಚಾಚಿದಳು. "ಇನ್ನೂರ್ ಮಾಸ್ನ ಈ ಕೈಲಿ ಮಣ್ಗಾಕಿವ್ನಿ. ಆ ಪೊರೆ ಈರುಳ್ಳಿ ಸಿಪ್ಪೆಗಿಂತ ತೆಳ್ಗಿರ್ತದೆ, ಎಳುದ್ರೂ ಬ್ಯಾಗ ಹರ್ಯಕಿಲ್ಲ. ಒಂಬತ್ ತಿಂಗ್ಳು ಕೂಸ್ನ ಕಾದಿರ್ತದೆ. ಅದ್ರಷ್ಟು ಮಡಿಬಟ್ಟೆ ನಾನೆಲ್ಲೂ ಕಂಡಿಲ್ಲ. ಅದ್ರಲ್ ಒಬ್ರಿಗ್ ಕಣ್ ಬತ್ತದೆ ಅಂತ ಮಾತ್ರ ಗೊತ್ತಿರ್ಲಿಲ್ಲ."

ಆಮೇಲೆ ಸ್ವರ ಇಳಿಯಿತು. "ನನ್ ಮಾತ್ ಕೇಳಿ ಒಂದ್ ಕಣ್ ಓಯ್ತು. ಇನ್ನೊಂದ್ ಕಣ್ ಕೊಡು ಅನ್ನಕೆ ನಂಗ್ ಬಾಯಿಲ್ಲ. ಡಾಕ್ಟ್ರವ್ವ, ಕಡ್ಡಿ ನನ್ ಕಣ್ಣಿಂದ ಕುಯ್ಕಳಿ. ಎರಡ್ರಿಂದ್ಲೂ ತಕ್ಕಳಿ. ನಾನ್ ಇನ್ನೇನ್ ನೋಡ್ಬೇಕಾಗದೆ?"

ಡಾಕ್ಟರು ಅವಳ ಕೈ ಹಿಡಿದುಕೊಂಡು ಹೇಳಿದರು: "ಬೇರೆಯವರ ಕಾಂಡಕೋಶ ಹಾಕಿದರೆ ಮೈ ಅದನ್ನ ತನ್ನದಲ್ಲ ಅಂತ ಗುರುತಿಸಿ ಹೊರಗೆ ದಬ್ಬುತ್ತೆ ಅಜ್ಜಿ. ವರ್ಷಗಟ್ಟಲೆ ಔಷಧ ತಗೋಬೇಕಾಗುತ್ತೆ. ಅವರದೇ ಒಳ್ಳೆಯದು."

"ಅತ್ತೆ ಸೊಸೆ ಅಂದ್ರೂ ಒಪ್ಪಕಿಲ್ವಾ?"

"ಅತ್ತೆ ಸೊಸೆ ಅಂದ್ರೆ ಖಂಡಿತಾ ಒಪ್ಪಲ್ಲ!"

ಈ ಸಲ ಮಾದಮ್ಮನಿಗೂ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು. ಸೋಮಮ್ಮ ನೋಡುತ್ತ ನಿಂತಳು. ಎಂಟು ತಿಂಗಳು ಒಂದೇ ಸೂರಿನಡಿ ಇದ್ದು, ಈ ಮುದುಕಿಯ ಬಾಯಿ ಏಕೆ ಖಾಲಿಯಾಗಿದೆಯೆಂದು ತಾನು ಒಂದು ದಿನವೂ ಕೇಳಲಿಲ್ಲವಲ್ಲ ಎನ್ನಿಸಿತು. ಸುಣ್ಣದ ಡಬ್ಬಿ ಗೂಡು ಸೇರಿದ್ದನ್ನು ಕಂಡೂ ಕಂಡಿರಲಿಲ್ಲ.

ಅವಳು ಮತ್ತೆ ಕುರ್ಚಿಯಲ್ಲಿ ಕೂತಳು. "ನನ್ ಕಣ್ಣಿಂದ ಎಷ್ಟ್ ತಕ್ಕತೀರಿ?"

"ಒಂದು ರಾಗಿಕಾಳಿನಷ್ಟು. ಕುಯ್ದ ಗಿಡ ಚಿಗುರೋ ಹಾಗೆ ಆ ಜಾಗ ತಾನೇ ತುಂಬಿಕೊಳ್ಳುತ್ತೆ. ಬಲಗಣ್ಣು ಗೆದ್ದೇ ಗೆಲ್ಲುತ್ತೆ ಅಂತ ಭಾಷೆ ಕೊಡಲ್ಲ. ನಾಲ್ಕು ಜನದಲ್ಲಿ ಮೂರು ಜನಕ್ಕೆ ಹಿಡಿಯುತ್ತೆ."

"ಹುಳದ್ ಬೆಳೆಗಿಂತ ವಾಸಿ" ಎಂದ ಶಿವಮಲ್ಲು.

"ಹಂಗಾರೆ ಮಾಡಿ" ಎಂದಳು ಸೋಮಮ್ಮ.

ಮೈಸೂರಿನಲ್ಲಿ ಆಪರೇಷನ್ ಆಯಿತು. ಕರಿಗುಡ್ಡೆಯ ಮೇಲೆ ಕಾಣದ ತಾಯಿಯ ಪೊರೆ ಹಾಸಿ, ಅದರ ಮೇಲೆ ಸೋಮಮ್ಮನದೇ ಕಾಂಡಕೋಶದ ಹತ್ತು ಚೂರುಗಳನ್ನು ದುಂಡಗೆ ಇಟ್ಟು, ಅಂಟು ಹಾಕಿ, ಮೇಲೆ ಗಾಜಿನಂತೆ ತಿಳಿಯಾದ ಮೆತ್ತನೆಯ ಲೆನ್ಸ್ ಮುಚ್ಚಿದರು. ಒಂದು ಹಗಲು ಎರಡು ಕಣ್ಣಿಗೂ ಪಟ್ಟಿಯಿತ್ತು. ಆ ಹಗಲು ಮಾದಮ್ಮ ಸೊಸೆಗೆ ಮುದ್ದೆ ಮುರಿದು ತುತ್ತು ಮಾಡಿ ತಿನ್ನಿಸಿದಳು. "ಬಾಯ್ ತಕ್ಕ. ಇನ್ನೂ ಅಗ್ಲ. ಕೂಸ್ಗಿಂತ ಕಡೆ ನೀನು." ಎಂಟು ತಿಂಗಳ ಮಾತನ್ನು ಅವಳು ಒಂದೇ ದಿನದಲ್ಲಿ ಆಡಿ ಮುಗಿಸುವಂತೆ ಕಂಡಿತು. ಸೋಮಮ್ಮನಿಗೆ ಏನೂ ಕಾಣದಿದ್ದರೂ ಆ ದಿನ ಭಯವಾಗಲಿಲ್ಲ.

ಹನ್ನೆರಡನೇ ದಿನ ಡಾಕ್ಟರು ಕಣ್ಣಿಗೆ ಅರಿಶಿನದಂಥ ಬಣ್ಣದ ಹನಿ ಬಿಟ್ಟು ನೀಲಿ ಬೆಳಕಿನಲ್ಲಿ ನೋಡಿದರು. ಎಲ್ಲಿ ಪೊರೆ ಮುಚ್ಚಿಲ್ಲವೋ ಅಲ್ಲಿ ಹಸಿರಾಗಿ ಹೊಳೆಯಬೇಕು. ಎಲ್ಲೂ ಹೊಳೆಯಲಿಲ್ಲ. "ತೋಟ ಹಿಡೀತು ಶಿವಮಲ್ಲು" ಎಂದರು. ಎಡಗಣ್ಣಿನಲ್ಲಿ ಕುಯ್ದ ಜಾಗವೂ ತುಂಬಿಕೊಂಡಿತ್ತು. ಹಾಸಿದ ಪೊರೆ ತನ್ನ ಕೆಲಸ ಮುಗಿಸಿ ಮೆಲ್ಲಗೆ ಕರಗುತ್ತದಂತೆ. ಅದನ್ನು ಕೇಳಿ ಸೋಮಮ್ಮ ಕೈ ಮುಗಿದಳು, ಯಾವ ದಿಕ್ಕಿಗೆಂದು ಅವಳಿಗೇ ಗೊತ್ತಿರಲಿಲ್ಲ. ಆ ತಾಯಿ ಗುಂಡ್ಲುಪೇಟೆಯವಳಿರಬಹುದು, ಬೀದರಿನವಳಿರಬಹುದು. ಯಾವ ಕುಲವೋ, ಯಾವ ದೇವರ ಒಕ್ಕಲೋ. ಮಾದಪ್ಪನಿಗೆ ಎಲ್ಲರ ವಿಳಾಸವೂ ಗೊತ್ತು, ಅವನು ತಲುಪಿಸಲಿ ಎಂದುಕೊಂಡಳು.

ನೋಟ ಒಂದೇ ಸಲ ಬರಲಿಲ್ಲ. ತಿಂಗಳು ತಿಂಗಳಿಗೆ ಮಂಜು ಒಂದೊಂದು ಎಳೆ ಸರಿಯಿತು. ಮೊದಲು ಬಾಗಿಲ ಚೌಕಟ್ಟು, ಆಮೇಲೆ ಕ್ಯಾಲೆಂಡರಿನ ಕೆಂಪು ಅಂಕಿಗಳು, ಆಮೇಲೆ ಗಂಡನ ಮೀಸೆಯಲ್ಲಿನ ನರೆ. "ಇದೊಂದ್ ಕಾಣ್ದಿದ್ರೆ ಚೆನ್ನಾಗಿತ್ತು" ಎಂದ ಅವನು.

ನಡುವೆ ಸಿಂಧುವಿಗೆ ಹೆಣ್ಣು ಮಗುವಾಯಿತು. ಮಾದಮ್ಮ ಆಸ್ಪತ್ರೆಯಲ್ಲಿ ನರ್ಸನ್ನು ಅಡ್ಡಗಟ್ಟಿ, "ಇವ್ಳ ಮಾಸಿನ್ ಪೊರೆ ತಕ್ಕಳಿ, ಯಾರಾದ್ರೂ ಕಣ್ಣಿಲ್ದೋರ್ಗೆ ಹಾಕಿ" ಎಂದಳು. ಇಲ್ಲಿ ಆ ವ್ಯವಸ್ಥೆ ಇಲ್ಲ, ಅದಕ್ಕೆ ಬೇರೆಯೇ ಆಸ್ಪತ್ರೆ ಬೇಕು ಎಂದು ನರ್ಸು ಸಮಾಧಾನ ಹೇಳಿ ಕಳಿಸಿದಳು. ಮಾದಮ್ಮನಿಗೆ ಸಮಾಧಾನವಾಗಲಿಲ್ಲ. "ಇನ್ನೂರೊಂದ್ನೇದೂ ದಂಡ ಆಯ್ತಲ್ಲ" ಎಂದು ಊರು ಸೇರುವವರೆಗೂ ಗೊಣಗಿದಳು.

ಆದರೆ ಇನ್ನೊಂದು ಕೆಲಸ ಹಿಡಿದಳು. ಯಾರ ಮನೆಯಲ್ಲಿ ಹುಳ ಜ್ವರಕ್ಕೆ ಕೂತರೂ ಕೋಲೂರಿಕೊಂಡು ಹೋಗಿ ಹೊಸ್ತಿಲಲ್ಲಿ ನಿಲ್ಲುವಳು. "ಕೊಡ ತುಂಬ ನೀರ್ ಇಟ್ಕಂಡಿದ್ದೀರಾ? ಕನ್ನಡ್ಕ ಎಲ್ಲಿ? ಕಣ್ಣಿಗ್ ಸುಣ್ಣ ಬಿದ್ರೆ ಎಣ್ಣೆ ಬ್ಯಾಡ, ಮಂತ್ರ ಬ್ಯಾಡ, ನೀರು. ಆಸ್ಪತ್ರೆಗ್ ಓಗಗಂಟ ನೀರು. ನೀರ್ ಆಕ್ಬ್ಯಾಡಿ ಅಂತ ಯಾವ್ಳಾದ್ರೂ ಮುದ್ಕಿ ಬಂದ್ರೆ ಅವ್ಳನ್ನ ಮೊದ್ಲು ಆಚೆಗ್ ನೂಕಿ. ನಾನೇ ಆ ಮುದ್ಕಿ."

ಈ ಬೇಸಿಗೆಯಲ್ಲಿ ಮಂಗಮ್ಮನ ಮನೆಯ ಹುಳ ಹಣ್ಣಾಯಿತು. ಬೆಳಿಗ್ಗೆಯೇ ಅವಳು ಬಂದು ಜಗಲಿಯ ಕಂಬ ಹಿಡಿದು ನಿಂತಳು. ಹೋದ ವರ್ಷ ಕರೆಯದ್ದು ಇಬ್ಬರ ಮನಸ್ಸಿನಲ್ಲೂ ಇತ್ತು.

"ಸೋಮಕ್ಕ, ಬತ್ತೀಯಾ?"

"ಹುಳ ಅಪ್ಪಚ್ಚಿಯಾದ್ರೆ?"

"ಅಪ್ಪಚ್ಚಿಯಾಗ್ಲಿ ಬಾ. ನಂದೂ ತಪ್ಪಾಯ್ತು."

ಹುಳದ ಮನೆಯೊಳಗೆ ಸೋಮಮ್ಮ ಮೊದಲ ಹುಳವನ್ನು ಎತ್ತಿದಳು. ಬೆರಳು ಸರಿಯಾಗಿ ಅದರ ಮೈಗೇ ತಾಗಿತು. ಕಿಟಕಿಯ ಬೆಳಕಿಗೆ ಹಿಡಿದು, ಯಾರಿಗೂ ಕಾಣದಂತೆ ಎಡಗಣ್ಣನ್ನು ಮುಚ್ಚಿದಳು. ಬಲಗಣ್ಣೊಂದೇ. ಅಂಚು ಕೊಂಚ ಮಸುಕಿತ್ತು. ನಡುವೆ, ಹುಳದ ಕೊರಳಲ್ಲಿ, ಜೇನಿನ ಬಣ್ಣ ತಿಳಿಯಾಗಿತ್ತು. ಅವಳು ಅದನ್ನು ಚಂದ್ರಿಕೆಗೆ ಬಿಟ್ಟಳು.

ಮಧ್ಯಾಹ್ನ ಮನೆಗೆ ಬಂದಾಗ ಮಾದಮ್ಮ ಜಗಲಿಯಲ್ಲಿ ಬರೀ ಬಾಯಲ್ಲಿ ಕೂತಿದ್ದಳು. ಸೋಮಮ್ಮ ಕೈಕಾಲು ತೊಳೆದು ಒಳಗೆ ಹೋಗಿ, ಗೋಡೆಯ ಗೂಡಿನಿಂದ ಹಿತ್ತಾಳೆಯ ಡಬ್ಬಿ ತೆಗೆದಳು. ಒಳಗಿನ ಸುಣ್ಣ ಒಣಗಿ ಬಿರುಕು ಬಿಟ್ಟಿತ್ತು. ಅದನ್ನು ಕೆರೆದು ತೆಗೆದು ಹೊಸ ಸುಣ್ಣ ತುಂಬಿ, ಎರಡು ಹನಿ ನೀರು ಬಿಟ್ಟು ಕಲೆಸಿದಳು. ಅತ್ತೆಯ ಎದುರು ಕೂತು ತೊಡೆಯ ಮೇಲೆ ವೀಳ್ಯದೆಲೆ ಹರಡಿ, ಬೆರಳ ತುದಿಯಲ್ಲಿ ಸುಣ್ಣ ತೆಗೆದುಕೊಂಡಳು.

ಮಾದಮ್ಮ ಹಿಂದೆ ಸರಿದಳು. "ಬ್ಯಾಡ ಕಣಮ್ಮಿ. ಅದ್ನ ಮುಟ್ಬ್ಯಾಡ ನೀನು."

"ಸುಮ್ನಿರಿ ಅತ್ತೆ." ಸೋಮಮ್ಮ ಎಲೆಯ ನರದಗುಂಟ ತೆಳ್ಳಗೆ ಒಂದು ಗೆರೆ ಎಳೆದು, ಅಡಿಕೆಯಿಟ್ಟು, ಮಡಿಚಿ ಚಾಚಿದಳು.

ಮಾದಮ್ಮ ಬಹಳ ಹೊತ್ತು ಆ ಎಲೆಯನ್ನು, ಆಮೇಲೆ ಸೊಸೆಯ ಬಲಗಣ್ಣನ್ನು ನೋಡಿದಳು. ಬಾಯಿಗಿಟ್ಟುಕೊಂಡು ಒಂದು ಸಲ ಅಗಿದಳು.

"ಸುಣ್ಣ ಕಮ್ಮಿಯಾಯ್ತು" ಎಂದಳು.

"ಕಾಣ್ತದೆ ಕಣತ್ತೆ. ಬೇಕೂಂತ್ಲೇ ಕಮ್ಮಿ ಹಾಕಿವ್ನಿ. ಒಂದೂವರೆ ವರ್ಸದಿಂದ ಸುಣ್ಣ ಕಾಣದ್ ಬಾಯದು, ಸುಡ್ತದೆ."